ಪೋರ್ಷೆ ಗಂಟುಮೂಟೆ ಕಟ್ಟಿದ ಮೇಲೆ ಲೆ ಮಾನ್ಸ್‌ನಲ್ಲಿ ಉಳಿಯುವವರು ಯಾರು?

2025ರ ಜೂನ್ 15, ಭಾನುವಾರ. ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. ಫ್ರಾನ್ಸಿನ ಲೆ ಮಾನ್ಸ್ ಊರಿನ 24 ಗಂಟೆಯ ರೇಸಿನಲ್ಲಿ ಹಿಂದಿನ ದಿನ ಅದೇ ಹೊತ್ತಿಗೆ ಹೊರಟ ಕಾರುಗಳು ಒಂದು ರಾತ್ರಿ, ಒಂದು ಹಗಲು ಓಡಿ ಮುಗಿಸಿದ್ದವು. ಮೊದಲು ಗೆರೆ ದಾಟಿದ್ದು 83ನೇ ನಂಬರಿನ ಹಳದಿ ಫೆರಾರಿ. ಅದರ ಹಿಂದೆ 6ನೇ ನಂಬರಿನ ಪೋರ್ಷೆ. ಎರಡೂ 387 ಲ್ಯಾಪ್ ಓಡಿದ್ದವು, ಅಂದರೆ 5,200 ಕಿಲೋಮೀಟರಿಗಿಂತ ಜಾಸ್ತಿ. ಅಷ್ಟು ದೂರ ಓಡಿದ ಮೇಲೂ ನಡುವೆ ಇದ್ದ ಅಂತರ 14 ಸೆಕೆಂಡ್ ಮಾತ್ರ.

ಫೆರಾರಿಯ ಸ್ಟಿಯರಿಂಗ್ ಹಿಡಿದಿದ್ದವರು ಪೋಲೆಂಡಿನ ರಾಬರ್ಟ್ ಕುಬಿತ್ಸಾ. 2011ರಲ್ಲಿ ಇಟಲಿಯ ಒಂದು ರ‍್ಯಾಲಿಯಲ್ಲಿ ರಸ್ತೆಬದಿಯ ಕಬ್ಬಿಣದ ತಡೆಗಂಬಿ ಅವರ ಕಾರಿನೊಳಕ್ಕೇ ನುಗ್ಗಿತ್ತು. ಬಲಗೈ ಉಳಿದದ್ದೇ ಹೆಚ್ಚು. ಆ ಕೈ ಪೂರ್ತಿ ಸರಿಹೋಗಲೇ ಇಲ್ಲ. ಆ ಮನುಷ್ಯ ಕಾರಿನಿಂದ ಇಳಿದು ನಿಂತಾಗ ನನ್ನ ಗಂಟಲು ಕಟ್ಟಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಈ ಲೇಖನ ಬರೆಯುವ ಹಾಗೆ ಮಾಡಿದ್ದು ಇನ್ನೊಂದು ಸಂಗತಿ. ಆ ಹಳದಿ ಕಾರು ಫೆರಾರಿಯ ಫ್ಯಾಕ್ಟರಿ ತಂಡದ್ದಲ್ಲ, ಅಂದರೆ ಕಂಪನಿಯ ಸ್ವಂತ ತಂಡದ್ದಲ್ಲ. ಫ್ಯಾಕ್ಟರಿಯ ಕೆಂಪು ಕಾರುಗಳು 50 ಮತ್ತು 51. 83ನ್ನು ಇಳಿಸಿದ್ದು ಎಎಫ್ ಕೋರ್ಸೆ ಅನ್ನುವ ಖಾಸಗಿ ತಂಡ, ತನ್ನದೇ ಹೆಸರಿನಲ್ಲಿ. ಫ್ಯಾಕ್ಟರಿ ಕಾರುಗಳನ್ನು ಟ್ರ್ಯಾಕಿನಲ್ಲಿ ನೋಡಿಕೊಳ್ಳುವವರೂ ಇದೇ ಎಎಫ್ ಕೋರ್ಸೆಯವರು, ಹಾಗಾಗಿ ಅವರು ಪೂರ್ತಿ ಹೊರಗಿನವರೇನಲ್ಲ. ಆದರೂ ಕಾಗದದ ಮೇಲೆ ಅದು ಖಾಸಗಿ ಕಾರು. ಸೋತದ್ದು ಪೋರ್ಷೆಯ ಫ್ಯಾಕ್ಟರಿ ಕಾರು. ನಾಲ್ಕು ತಿಂಗಳು ಕಳೆದು ಅಕ್ಟೋಬರ್ ಬಂದಾಗ ಪೋರ್ಷೆ ಒಂದು ಪ್ರಕಟಣೆ ಕೊಟ್ಟಿತು. ಲೆ ಮಾನ್ಸ್ ಥರದ ದೀರ್ಘ ರೇಸುಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್ಪಿನ ಎಲ್ಲಕ್ಕಿಂತ ಮೇಲಿನ ವಿಭಾಗ, ಹೈಪರ್‌ಕಾರ್‌ನಿಂದ ವರ್ಷದ ಕೊನೆಗೆ ಹೊರಡುತ್ತೇವೆ ಎಂದಿತು. ಲೆ ಮಾನ್ಸನ್ನು 19 ಸಲ ಗೆದ್ದ ಕಂಪನಿ ಅದು. ಅಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ.

ಆವತ್ತಿನಿಂದ ಎಲ್ಲರೂ ಕೇಳುತ್ತಿರುವ ಪ್ರಶ್ನೆ ಒಂದೇ: ಇಷ್ಟೊಂದು ಕಂಪನಿಗಳು ಪೈಪೋಟಿಗಿಳಿದಿರುವ ಈ ಸುವರ್ಣಕಾಲ ಮುಗಿಯಿತಾ? ನನಗೆ ಕೇಳಬೇಕು ಅನ್ನಿಸುವ ಪ್ರಶ್ನೆ ಬೇರೆ. ಕಂಪನಿಗಳು ಈ ಆಟಕ್ಕೆ ಬರುವುದು, ಹೋಗುವುದು ಹೊಸದಲ್ಲ, ನೂರು ವರ್ಷದಿಂದ ನಡೆದೇ ಇದೆ. ಅವು ಹೋದಾಗ ಆಟವನ್ನು ಉಳಿಸಿದ್ದು ಯಾರು? ಅವರಿಗೆ ಇವತ್ತು ಜಾಗ ಇದೆಯಾ?

ಶುರುವಿನಿಂದ ಬರೋಣ. ಮೊದಲ ಲೆ ಮಾನ್ಸ್ ನಡೆದದ್ದು 1923ರ ಮೇ 26 ಮತ್ತು 27ರಂದು. ಆಗಿನ ಕಾರುಗಳ ಹೆಡ್‌ಲೈಟ್ ಮಿಣುಕು ದೀಪದ ಹಾಗಿದ್ದವು, ರಸ್ತೆಗಳು ಮಣ್ಣು ಮತ್ತು ಜಲ್ಲಿ. ಜನ ಕೊಂಡು ಓಡಿಸುವ ಕಾರು ಇಡೀ ರಾತ್ರಿ ಕೆಡದೆ ಓಡೀತಾ ಅಂತ ನೋಡುವುದು ಆ ರೇಸಿನ ಉದ್ದೇಶವಾಗಿತ್ತು. 33 ಕಾರು ಹೊರಟವು, 30 ಕಾರು ಮುಗಿಸಿದವು. ಗೆದ್ದದ್ದು ಶೆನಾರ್ ಎ ವಾಲ್ಕರ್ ಅನ್ನುವ ಫ್ರೆಂಚ್ ಕಾರು. ಟ್ರ್ಯಾಕಿನ ದೊಡ್ಡ ಭಾಗ ಇವತ್ತಿಗೂ ಸಾಮಾನ್ಯ ರಸ್ತೆಯೇ. 13.626 ಕಿಲೋಮೀಟರ್ ಸುತ್ತಿನಲ್ಲಿ ಬರುವ ಆ ಉದ್ದನೆಯ ನೇರ ದಾರಿ ಊರಿನಿಂದ ಟೂರ್ ಪಟ್ಟಣದ ಕಡೆ ಹೋಗುವ ಹೆದ್ದಾರಿ. ಮಿಕ್ಕ ದಿನ ಅಲ್ಲಿ ಲಾರಿ ಓಡುತ್ತವೆ.

ಆಮೇಲೆ ಬೆಂಟ್ಲಿ ಬಂತು, ಐದು ಸಲ ಗೆದ್ದಿತು, ಹೋಯಿತು. ಆಲ್ಫಾ ರೋಮಿಯೋ ನಾಲ್ಕು ವರ್ಷ ಸತತವಾಗಿ ಗೆದ್ದಿತು. ಯುದ್ಧ ಮುಗಿದು 1949ರಲ್ಲಿ ರೇಸ್ ಮತ್ತೆ ಶುರುವಾದಾಗ ಫೆರಾರಿಯ ಮೊದಲ ಗೆಲುವು. 1953ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಹುಟ್ಟಿತು. 1955ರ ಜೂನ್ 11ರಂದು ಒಂದು ಮರ್ಸಿಡಿಸ್ ಗ್ಯಾಲರಿಯ ಎದುರಿಗೇ ಸಿಡಿದು ಜನರ ಮೇಲೆ ಬಿತ್ತು. 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆ ವರ್ಷದ ಕೊನೆಗೆ ಮರ್ಸಿಡಿಸ್ ರೇಸಿಂಗನ್ನೇ ಬಿಟ್ಟಿತು. ಮತ್ತೆ ಈ ಕಡೆ ತಲೆ ಹಾಕಲು ಅದಕ್ಕೆ ಸುಮಾರು 30 ವರ್ಷ ಬೇಕಾಯಿತು.

ಈಗ ಫೋರ್ಡ್ ಕಥೆ. ಇದರ ಮೊದಲ ಅರ್ಧ ಎಲ್ಲರಿಗೂ ಗೊತ್ತು. 1963ರಲ್ಲಿ ಫೋರ್ಡ್ ಫೆರಾರಿಯನ್ನು ಕೊಳ್ಳಲು ಹೋಯಿತು, ಕೊನೆ ಗಳಿಗೆಯಲ್ಲಿ ಎಂಜೋ ಫೆರಾರಿ ಒಲ್ಲೆ ಎಂದರು, ಹಠಕ್ಕೆ ಬಿದ್ದ ಫೋರ್ಡ್ ನೀರಿನ ಹಾಗೆ ದುಡ್ಡು ಸುರಿದು 1966ರಲ್ಲಿ ಮೊದಲ ಮೂರೂ ಸ್ಥಾನ ಗೆದ್ದಿತು. 1967ರಲ್ಲಿ ಮತ್ತೊಮ್ಮೆ. ಆಮೇಲೆ? ಸಂಘಟಕರು ದೊಡ್ಡ ಎಂಜಿನ್ನುಗಳಿಗೆ ಕಡಿವಾಣ ಹಾಕಿದರು, 7 ಲೀಟರಿನ ಫೋರ್ಡ್ ಒಂದೇ ರಾತ್ರಿಯಲ್ಲಿ ಹಳೇ ಸಾಮಾನಾಯಿತು. ಫೋರ್ಡ್ ಮನೆಗೆ ಹೋಯಿತು.

ಜನ ಹೇಳದ ಎರಡನೇ ಅರ್ಧ ಇಲ್ಲಿಂದ ಶುರು. ಬ್ರಿಟನ್ನಿನ ಜಾನ್ ವಯರ್ ಅವರ ಖಾಸಗಿ ತಂಡ ಫೋರ್ಡಿನದೇ 5 ಲೀಟರಿನ ಹಳೆಯ ಜಿಟಿ40 ಕಾರನ್ನು ಇಟ್ಟುಕೊಂಡಿತ್ತು. ತಿಳಿ ನೀಲಿ ಮೈ, ನಡುವೆ ಕಿತ್ತಳೆ ಪಟ್ಟೆ. ಚಾಸಿ ನಂಬರ್ 1075. ಅದು 1968ರಲ್ಲಿ ಲೆ ಮಾನ್ಸ್ ಗೆದ್ದಿತು. 1969ರಲ್ಲಿ ಅದೇ ಕಾರು ಮತ್ತೆ ಗೆದ್ದಿತು. ಅದೇ ಮಾದರಿ ಅಂತಲ್ಲ, ಅದೇ ಒಂದು ಕಾರು.

ಆ 1969ರ ರೇಸನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗೆಲ್ಲ ಡ್ರೈವರುಗಳು ರಸ್ತೆಯ ಒಂದು ಬದಿ ಸಾಲಾಗಿ ನಿಲ್ಲುತ್ತಿದ್ದರು, ಕಾರುಗಳು ಎದುರು ಬದಿ. ಬಾವುಟ ಬೀಸಿದ ಕೂಡಲೇ ಓಡಿಹೋಗಿ, ಹಾರಿ ಕೂತು, ಹೊರಡಬೇಕು. ಅವಸರದಲ್ಲಿ ಯಾರೂ ಬೆಲ್ಟ್ ಸರಿಯಾಗಿ ಹಾಕುತ್ತಿರಲಿಲ್ಲ. ಆ ಸಲ 24 ವರ್ಷದ ಜಾಕಿ ಇಕ್ಸ್ ಓಡಲಿಲ್ಲ. ಎಲ್ಲರೂ ಓಡುತ್ತಿದ್ದಾಗ ನಡೆದುಕೊಂಡು ಹೋದರು. ಕೂತರು, ಬೆಲ್ಟ್ ಬಿಗಿಯಾಗಿ ಹಾಕಿಕೊಂಡರು, ಎಲ್ಲರಿಗಿಂತ ಹಿಂದೆ ಹೊರಟರು. ಮೊದಲ ಲ್ಯಾಪಿನಲ್ಲೇ ಜಾನ್ ವೂಲ್ಫ್ ಅನ್ನುವ ಡ್ರೈವರ್ ಬೆಲ್ಟ್ ಇಲ್ಲದೆ ಅಪಘಾತದಲ್ಲಿ ಸತ್ತರು. 24 ಗಂಟೆ ಕಳೆದ ಮೇಲೆ ಇಕ್ಸ್ ಅವರ ಹಳೇ ಫೋರ್ಡ್, ಹ್ಯಾನ್ಸ್ ಹೆರ್ಮನ್ ಅವರ ಪೋರ್ಷೆಗಿಂತ ಸುಮಾರು 120 ಮೀಟರ್ ಮುಂದೆ ಗೆರೆ ದಾಟಿತು. ಮುಂದಿನ ವರ್ಷದಿಂದ ಡ್ರೈವರುಗಳು ಬೆಲ್ಟ್ ಹಾಕಿ ಕೂತ ಮೇಲೇ ರೇಸ್ ಶುರು. ದೊಡ್ಡ ಕಂಪನಿ ಬಿಟ್ಟುಹೋದ ಕಾರು, ಖಾಸಗಿ ತಂಡ, ತಲೆ ನೆಟ್ಟಗಿದ್ದ ಒಬ್ಬ ಹುಡುಗ. ಇಷ್ಟು ಸಾಕಾಯಿತು.

1970 ಮತ್ತು 71ರಲ್ಲಿ ಪೋರ್ಷೆ 917 ಮೆರೆಯಿತು. ನಿಯಮದ ಪ್ರಕಾರ 25 ಕಾರು ತಯಾರಿಸಬೇಕಿತ್ತು, ಪೋರ್ಷೆ 25ನ್ನೂ ಸಾಲಾಗಿ ನಿಲ್ಲಿಸಿ ತೋರಿಸಿತ್ತು. 1971ರಲ್ಲಿ ಅದು ಓಡಿದ 5,335 ಕಿಲೋಮೀಟರಿನ ದಾಖಲೆ 2010ರವರೆಗೆ ಉಳಿಯಿತು. 1972ಕ್ಕೆ ನಿಯಮ ಮತ್ತೆ ಬದಲಾಯಿತು, 917ಕ್ಕೆ ಬಾಗಿಲು ಮುಚ್ಚಿತು.

ನನ್ನ ಲೆಕ್ಕದಲ್ಲಿ ಈ ಆಟದ ಅತ್ಯಂತ ಜಾಣ ನಿಯಮ ಬಂದದ್ದು 1982ರಲ್ಲಿ. ಅದರ ಹೆಸರು ಗ್ರೂಪ್ ಸಿ. ಎಂಜಿನ್ ಯಾವುದಾದರೂ ಇರಲಿ, ಎಷ್ಟು ದೊಡ್ಡದಾದರೂ ಇರಲಿ, ಪೆಟ್ರೋಲ್ ಮಾತ್ರ ಅಳತೆ ಮಾಡಿ ಕೊಡುತ್ತೇವೆ ಅಂದರು. ಟ್ಯಾಂಕ್ 100 ಲೀಟರ್, 1000 ಕಿಲೋಮೀಟರ್ ರೇಸಿನಲ್ಲಿ ಐದು ಸಲ ಮಾತ್ರ ತುಂಬಿಸಬಹುದು. ಮಿಕ್ಕದ್ದು ನಿಮ್ಮ ತಲೆಗೆ ಬಿಟ್ಟದ್ದು. ಪೋರ್ಷೆ ಚಿಕ್ಕ ಟರ್ಬೋ ಎಂಜಿನ್ ತಂದಿತು. ಜಾಗ್ವಾರ್ 7 ಲೀಟರಿನ ವಿ12 ತಂದಿತು. ಮಜ್ದಾ ರೋಟರಿ ಎಂಜಿನ್ ತಂದಿತು, ಅದರಲ್ಲಿ ಪಿಸ್ಟನ್ನೇ ಇಲ್ಲ. ಒಂದೇ ಟ್ರ್ಯಾಕಿನಲ್ಲಿ ಒಂದೊಂದು ಕಾರಿನ ಸದ್ದು ಒಂದೊಂದು ಥರ. ಕಣ್ಣು ಮುಚ್ಚಿ ಕೂತರೂ ಯಾವ ಕಾರು ಹೋಯಿತು ಅಂತ ಹೇಳಬಹುದಿತ್ತು.

ಇನ್ನೂ ಮುಖ್ಯ ವಿಷಯ, ಪೋರ್ಷೆ ತನ್ನ 956 ಮತ್ತು 962 ಕಾರುಗಳನ್ನು ಮಾರಾಟಕ್ಕಿಟ್ಟಿತು. ಎರಡೂ ಸೇರಿ ನೂರಕ್ಕೂ ಹೆಚ್ಚು ತಯಾರಾದವು. ದುಡ್ಡಿದ್ದ ತಂಡ ಫೋನ್ ಮಾಡಿ ಕೊಂಡು, ಲೆ ಮಾನ್ಸ್‌ಗೆ ಬರಬಹುದಿತ್ತು. 1983ರಲ್ಲಿ ಮೊದಲ ಹತ್ತರಲ್ಲಿ ಒಂಬತ್ತು 956ಗಳೇ. 1984ರಲ್ಲಿ ನಿಯಮದ ಜಗಳದಿಂದ ಪೋರ್ಷೆ ಫ್ಯಾಕ್ಟರಿ ಬರಲಿಲ್ಲ. ರೇಸ್ ನಿಲ್ಲಲಿಲ್ಲ, ಏಕೆಂದರೆ ಅದರ ಕಾರುಗಳು ಗಿರಾಕಿಗಳ ಕೈಯಲ್ಲಿದ್ದವು. ರೈನ್‌ಹೋಲ್ಡ್ ಯೋಸ್ಟ್ ಅನ್ನುವ ಜರ್ಮನ್ ತಂಡದ ಯಜಮಾನರ 956 ಗೆದ್ದಿತು. ಚಾಸಿ ನಂಬರ್ 117. 1985ರಲ್ಲಿ ಫ್ಯಾಕ್ಟರಿ ಹೊಸ 962ಗಳ ಜೊತೆ ವಾಪಸ್ ಬಂತು. ಆಗಲೂ ಯೋಸ್ಟ್ ಅವರ ಅದೇ ಹಳೇ 117 ಗೆದ್ದಿತು. ಪೆಟ್ರೋಲ್ ಉಳಿಸಿ ಓಡಿಸುವ ಕಲೆ ಅವರಿಗೆ ತಯಾರಕರಿಗಿಂತ ಚೆನ್ನಾಗಿ ಸಿದ್ಧಿಸಿತ್ತು.

ಇಷ್ಟು ಒಳ್ಳೆಯದನ್ನು ಕೆಡಿಸಿದ್ದು ಹೇಗೆ? 1990ರ ಹೊತ್ತಿಗೆ ಆಡಳಿತ ಮಂಡಳಿಯವರು ಎಲ್ಲರೂ ಫಾರ್ಮುಲಾ 1 ಥರದ 3.5 ಲೀಟರ್ ಎಂಜಿನ್ ತರಬೇಕು ಎಂದರು. ಅಂಥ ಎಂಜಿನ್ ತಯಾರಿಸಲು ಖಾಸಗಿ ತಂಡದ ಕೈಯಲ್ಲಿ ಆಗುವ ಮಾತಲ್ಲ. ಅವರು ಒಬ್ಬೊಬ್ಬರಾಗಿ ಹೊರಬಿದ್ದರು. ಆಮೇಲೆ ಕಂಪನಿಗಳೂ ಕೈ ಸುಟ್ಟುಕೊಂಡು ಹೊರಟವು. 1992ರ ಲೆ ಮಾನ್ಸ್‌ನಲ್ಲಿ ಹೊರಟದ್ದು 28 ಕಾರು, 1923ಕ್ಕಿಂತ ಕಮ್ಮಿ. ಆ ವರ್ಷಕ್ಕೇ ಚಾಂಪಿಯನ್‌ಷಿಪ್ ಸತ್ತಿತು. ನಡುವೆ 1991ರಲ್ಲಿ ಮಜ್ದಾ 787ಬಿ ಗೆದ್ದಿತು, ಜಪಾನಿನ ಕಂಪನಿಗೆ ಮೊದಲ ಗೆಲುವು. ಕೊನೆಗೆ ಓಡಿಸಿದ ಜಾನಿ ಹರ್ಬರ್ಟ್ ನೀರಡಿಕೆಯಿಂದ ಕುಸಿದು, ವೇದಿಕೆ ಹತ್ತಲು ಆಗಲೇ ಇಲ್ಲ.

ಖಾಲಿಯಾದ ಆ ಅಂಗಳಕ್ಕೆ 1996ರಲ್ಲಿ ಯಾರು ಬಂದರು ಹೇಳಿ? ಅದೇ ಯೋಸ್ಟ್. ಹಿಂದಿನ ವರ್ಷ ಪೋರ್ಷೆ ಅಮೆರಿಕದ ರೇಸಿಗೆ ಅಂತ ಒಂದು ಕಾರು ತಯಾರು ಮಾಡಿ, ಓಡಿಸದೆ ಮೂಲೆಗೆ ತಳ್ಳಿತ್ತು. ಅದರ ಹೆಸರು ಡಬ್ಲ್ಯುಎಸ್‌ಸಿ-95. ಮೈ ನೋಡಿದರೆ ಹಳೇ ಜಾಗ್ವಾರ್ ರೇಸ್ ಕಾರಿನದು, ಎಂಜಿನ್ ಪೋರ್ಷೆಯದು. ಯೋಸ್ಟ್ ಅದನ್ನು ಕೇಳಿ ಪಡೆದು ಲೆ ಮಾನ್ಸ್‌ಗೆ ತಂದರು. ಪೋರ್ಷೆಯ ಫ್ಯಾಕ್ಟರಿ ಕಾರುಗಳು ಎರಡನೇ, ಮೂರನೇ ಸ್ಥಾನಕ್ಕೆ ಬಂದವು, ಮೂಲೆಗೆ ಬಿದ್ದಿದ್ದ ಕಾರು ಗೆದ್ದಿತು. 1997ರಲ್ಲಿ ಮತ್ತೆ ಅದೇ ಕಾರು, ಮತ್ತೆ ಗೆಲುವು. ಆ ಸಲ ಮೊದಲ ಸಲ ಲೆ ಮಾನ್ಸ್ ಗೆದ್ದ ಹುಡುಗ ಟಾಮ್ ಕ್ರಿಸ್ಟೆನ್ಸನ್. ಮುಂದೆ ಒಟ್ಟು ಒಂಬತ್ತು ಸಲ ಗೆದ್ದರು.

1075, 117, ಡಬ್ಲ್ಯುಎಸ್‌ಸಿ-95. ಮೂರು ಕಾರು, ಮೂರೂ ಖಾಸಗಿ ಕೈಯಲ್ಲಿ, ಮೂರೂ ಸತತ ಎರಡು ಸಲ. ಅದೃಷ್ಟ ಅಂತ ಹೇಳಿ ಸುಮ್ನೆ ಬಿಡುವ ಸಂಗತಿ ಅಲ್ಲ, ಅಲ್ವಾ? ಕಂಪನಿಗೆ ರೇಸ್ ಅಂದರೆ ಜಾಹೀರಾತು. ಖಾಸಗಿ ತಂಡಕ್ಕೆ ಅದೇ ಅನ್ನ. ಆ ತಂಡ ಒಂದೇ ಕಾರನ್ನು ಬಿಚ್ಚಿ, ಕಟ್ಟಿ, ಅದರ ಪ್ರತಿ ಬೋಲ್ಟಿನ ಸ್ವಭಾವ ತಿಳಿದುಕೊಂಡಿರುತ್ತದೆ. 24 ಗಂಟೆಯ ರೇಸಿನಲ್ಲಿ ಆ ಪರಿಚಯಕ್ಕೆ ದೊಡ್ಡ ಬೆಲೆ.

ಆಮೇಲೆ 2000ದಿಂದ 2014ರ ನಡುವೆ ಆಡಿ 13 ಸಲ ಗೆದ್ದಿತು. 2006ರಲ್ಲಿ ಡೀಸೆಲ್, 2012ರಲ್ಲಿ ಹೈಬ್ರಿಡ್, ಎರಡೂ ಲೆ ಮಾನ್ಸ್‌ನಲ್ಲಿ ಮೊದಲ ಗೆಲುವು. 2014ರಲ್ಲಿ ಪೋರ್ಷೆ, ಆಡಿ, ಟೊಯೋಟಾ ಮೂರೂ ಸೇರಿದಾಗ ತಂತ್ರಜ್ಞಾನದ ಹಬ್ಬವೇ ನಡೆಯಿತು. ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನು ಆಡಿ ತಿರುಗುವ ಚಕ್ರದಲ್ಲಿ ಕೂಡಿಟ್ಟಿತು, ಟೊಯೋಟಾ ಸೂಪರ್ ಕೆಪಾಸಿಟರಿನಲ್ಲಿ, ಪೋರ್ಷೆ ಬ್ಯಾಟರಿಯಲ್ಲಿ. 2016ರಲ್ಲಿ ಟೊಯೋಟಾ ಕೊನೆಯ ಮೂರು ನಿಮಿಷ ಇರುವಾಗ ಮುಂದಿತ್ತು, ತಂಡಗಳು ಕಾರು ನೋಡಿಕೊಳ್ಳುವ ಪಿಟ್ ಎದುರಿಗೇ ಶಕ್ತಿ ಕಳೆದುಕೊಂಡು ನಿಂತಿತು. ಆ ದೃಶ್ಯ ನೋಡಿದವರು ಮರೆಯುವುದಿಲ್ಲ. ಆದರೆ ಆ ಕಾರುಗಳನ್ನು ಯಾರೂ ಕೊಳ್ಳುವ ಹಾಗಿರಲಿಲ್ಲ, ಕೊಂಡರೂ ನಡೆಸುವ ಹಾಗಿರಲಿಲ್ಲ. 2016ರ ಕೊನೆಗೆ ಆಡಿ ಹೋಯಿತು, 2017ರ ಕೊನೆಗೆ ಪೋರ್ಷೆ ಹೋಯಿತು. ಟೊಯೋಟಾ ಒಂದೇ ಉಳಿಯಿತು. 2018ರಿಂದ ಐದು ವರ್ಷ ಅದೇ ಗೆದ್ದಿತು.

ಈಗಿನ ಹೈಪರ್‌ಕಾರ್ ನಿಯಮ ಹುಟ್ಟಿದ್ದು ಆ ಪಾಠದಿಂದ. ಶಕ್ತಿಗೆ ಮಿತಿ ಸುಮಾರು 500 ಕಿಲೋವ್ಯಾಟ್, ಅಂದರೆ ಹೆಚ್ಚುಕಮ್ಮಿ 670 ಅಶ್ವಶಕ್ತಿ. ಕನಿಷ್ಠ ತೂಕ 1,030 ಕಿಲೋ. ಬೇಕಾದರೆ ಇಡೀ ಕಾರು ನೀವೇ ಮಾಡಿ. ಬೇಡವಾದರೆ ನಾಲ್ಕು ಕಂಪನಿಗಳಲ್ಲಿ ಒಂದರಿಂದ ಚಾಸಿ ಕೊಂಡು, ಎಲ್ಲರಿಗೂ ಒಂದೇ ಥರದ ಹೈಬ್ರಿಡ್ ಭಾಗ ಹಾಕಿ, ಎಂಜಿನ್ ಮತ್ತು ಮೈಕಟ್ಟು ನಿಮ್ಮದು ಮಾಡಿಕೊಳ್ಳಿ. ಗಾಳಿಯ ಲೆಕ್ಕಾಚಾರಕ್ಕೂ ಒಂದು ಚೌಕಟ್ಟಿದೆ. ಅದರೊಳಗೆ ಬಂದರೆ ಸಾಕು, ಜಾಸ್ತಿ ಖರ್ಚು ಮಾಡಿ ಲಾಭವಿಲ್ಲ. ಅದಕ್ಕೇ ಪೂಜೋ 2022ರಲ್ಲಿ ಹಿಂದಿನ ರೆಕ್ಕೆಯೇ ಇಲ್ಲದ ಕಾರು ತರುವ ಧೈರ್ಯ ಮಾಡಿದ್ದು. 2024ರಲ್ಲಿ ರೆಕ್ಕೆ ವಾಪಸ್ ಹಾಕಿತು, ಅದು ಬೇರೆ ಮಾತು.

ಇಷ್ಟು ಬೇರೆ ಬೇರೆ ಕಾರುಗಳನ್ನು ಸರಿಸಮ ಮಾಡಲು ಬಂದದ್ದು ಬಿಒಪಿ, ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್. ಗಲ್ಲಿ ಕ್ರಿಕೆಟ್ಟಿನಲ್ಲಿ ಚೆನ್ನಾಗಿ ಆಡುವವನಿಗೆ ಎಡಗೈಯಲ್ಲಿ ಬ್ಯಾಟ್ ಮಾಡು ಅನ್ನುತ್ತೇವಲ್ಲ, ಹಾಗೆ. ಪ್ರತಿ ಕಾರಿನ ತೂಕ, ಶಕ್ತಿ, ಒಂದು ಸ್ಟಿಂಟಿಗೆ, ಅಂದರೆ ಒಂದು ಪಿಟ್ ನಿಲುಗಡೆಯಿಂದ ಮುಂದಿನದರವರೆಗಿನ ಓಟಕ್ಕೆ, ಬಳಸಬಹುದಾದ ಎನರ್ಜಿ, ಎಲ್ಲವನ್ನೂ ಸಂಘಟಕರು ಹೆಚ್ಚುಕಮ್ಮಿ ಮಾಡುತ್ತಾರೆ. ಚಕ್ರಕ್ಕೆ ಹೋಗುವ ಶಾಫ್ಟಿನ ಮೇಲೆ ಸೆನ್ಸರ್ ಕೂರಿಸಿ, ಎಷ್ಟು ಶಕ್ತಿ ಹೋಗುತ್ತಿದೆ ಅಂತ ಅಳೆಯುತ್ತಾರೆ. 2023ರಲ್ಲಿ ಲೆ ಮಾನ್ಸ್‌ನ ನೂರನೇ ವರ್ಷದ ರೇಸಿಗೆ ಸ್ವಲ್ಪ ದಿನ ಮುಂಚೆ ಟೊಯೋಟಾಗೆ 37 ಕಿಲೋ, ಫೆರಾರಿಗೆ 24, ಕ್ಯಾಡಿಲಾಕಿಗೆ 11, ಪೋರ್ಷೆಗೆ 3 ಕಿಲೋ ತೂಕ ಸೇರಿಸಿದರು. 50 ವರ್ಷದ ನಂತರ ಮೇಲಿನ ವಿಭಾಗಕ್ಕೆ ಮರಳಿದ್ದ ಫೆರಾರಿ ಗೆದ್ದಿತು, ಟೊಯೋಟಾ ಎರಡನೆಯದು. ಟೊಯೋಟಾದವರ ಬೇಸರ ನನಗೆ ಅರ್ಥವಾಗುತ್ತದೆ. ಅವರ ಬಾಯಿಗೆ ಬೀಗ ಬೇರೆ. ಬಿಒಪಿ ಬಗ್ಗೆ ತಂಡಗಳು ಬಹಿರಂಗವಾಗಿ ಮಾತಾಡುವ ಹಾಗಿಲ್ಲ ಅಂತ ನಿಯಮವೇ ಇದೆ. ಈ ನಿಯಮ ಹೋಗಬೇಕು. ಲೆಕ್ಕ ಸರಿಯಾಗಿದ್ದರೆ ಅದನ್ನು ಜನರ ಮುಂದೆ ಇಡಲು ಹೆದರಿಕೆ ಯಾಕೆ?

ಹಾಗಂತ ಬಿಒಪಿ ಬೇಡ ಅನ್ನುವವರ ಜೊತೆ ನಾನಿಲ್ಲ. ಎಲ್ಲರೂ ಪ್ರೀತಿಸುವ 1991ರ ಆ ಮಜ್ದಾ 830 ಕಿಲೋ ತೂಗಿ ಓಡಿತ್ತು. ಎದುರಿಗಿದ್ದ ಮರ್ಸಿಡಿಸ್, ಜಾಗ್ವಾರ್‌ಗಳಿಗೆ 1,000 ಕಿಲೋ ಕಡ್ಡಾಯವಾಗಿತ್ತು. ಆ ರಿಯಾಯಿತಿ ಮಜ್ದಾ ಕೇಳಿ ಪಡೆದದ್ದು. ಸಮ ಮಾಡುವ ಕೆಲಸ ಆಗಲೂ ಇತ್ತು, ಹೆಸರು ಇರಲಿಲ್ಲ. ಬಿಒಪಿಯ ಫಲವೂ ಕಣ್ಣ ಮುಂದಿದೆ. 2025ರಲ್ಲಿ ಎಂಟು ಕಂಪನಿಗಳು ಮೇಲಿನ ವಿಭಾಗದಲ್ಲಿದ್ದವು. ಪೋರ್ಷೆ ಹೋದರೂ 2026ಕ್ಕೆ ಜೆನೆಸಿಸ್ ಹೆಸರು ಸೇರಿತು, 2027ಕ್ಕೆ ಫೋರ್ಡ್ ಮತ್ತು ಮೆಕ್‌ಲಾರೆನ್ ಬರುತ್ತೇವೆ ಅಂದಿವೆ.

ಆದರೆ ಬಿಒಪಿ ಖರ್ಚಿಗೆ ಕಡಿವಾಣ ಹಾಕಬಹುದು, ಕಂಪನಿಯ ವ್ಯಾಪಾರ ಕೆಟ್ಟರೆ ಅದನ್ನು ಹಿಡಿದಿಡಲಾರದು. ಚೀನಾದಲ್ಲಿ ಪೋರ್ಷೆ 2021ರಲ್ಲಿ ಸುಮಾರು 95 ಸಾವಿರ ಕಾರು ಮಾರಿತ್ತು. 2024ರಲ್ಲಿ ಅದು 57 ಸಾವಿರದ ಹತ್ತಿರಕ್ಕೆ ಇಳಿಯಿತು. ಆ ಲೆಕ್ಕ ಎದುರಿಗಿಟ್ಟುಕೊಂಡ ಮೇಲೆ, ಮೂರು ಕಡೆ ನಡೆಯುತ್ತಿದ್ದ ರೇಸಿಂಗ್‌ನಲ್ಲಿ ಒಂದು ಕಡೆ ಕತ್ತರಿ ಬೀಳಲೇಬೇಕಿತ್ತು. ಅಮೆರಿಕದ ಸರಣಿ ಮತ್ತು ವಿದ್ಯುತ್ ಕಾರುಗಳ ಫಾರ್ಮುಲಾ ಇ ಉಳಿದವು, ಇದು ಹೋಯಿತು.

ನನಗೆ ಚಿಂತೆ ಹುಟ್ಟಿಸುವುದು ಇಲ್ಲಿಂದ ಮುಂದಿನದು. ಪೋರ್ಷೆ ಈ ಸಲವೂ ತನ್ನ ಹೈಪರ್‌ಕಾರ್ 963ನ್ನು ಖಾಸಗಿ ತಂಡಗಳಿಗೆ ಮಾರಿತ್ತು. ಬ್ರಿಟನ್ನಿನ ಜೋಟಾ ತಂಡ ಅದನ್ನು ಕೊಂಡು, 2024ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫ್ಯಾಕ್ಟರಿಗಳನ್ನೆಲ್ಲ ಸೋಲಿಸಿ ಗೆದ್ದಿತು. ಮುಂದಿನ ವರ್ಷ ಜೋಟಾ ಕ್ಯಾಡಿಲಾಕಿನ ಫ್ಯಾಕ್ಟರಿ ತಂಡವಾಯಿತು. ಜರ್ಮನಿಯ ಪ್ರೋಟಾನ್ ಒಂದೇ 963 ಇಟ್ಟುಕೊಂಡು 2025ರಲ್ಲಿ ಉಳಿಯಿತು. ಅದೇ ವರ್ಷದಿಂದ ಹೊಸ ನಿಯಮ ಬಂತು: ಹೈಪರ್‌ಕಾರ್ ಕಂಪನಿ ಕನಿಷ್ಠ ಎರಡು ಕಾರು ಇಳಿಸಲೇಬೇಕು. ಗ್ಯಾಲರಿ ತುಂಬಿದ್ದಾಗ ಮಾಡಿದ ನಿಯಮ ಇದು. ಗ್ಲಿಕೆನ್‌ಹೌಸ್ ಅನ್ನುವ ಅಮೆರಿಕದ ಪುಟ್ಟ ಕಂಪನಿ 2022ರ ಲೆ ಮಾನ್ಸ್‌ನಲ್ಲಿ ಮೂರನೇ ಸ್ಥಾನ ಪಡೆದಿತ್ತು. 2023ರ ನಂತರ ಅದು ಇಲ್ಲ. ಲ್ಯಾಂಬೋರ್ಗಿನಿ ಒಂದೇ ಕಾರಿನ ಜೊತೆ ಬಂದು 2024ಕ್ಕೇ ಹೋಯಿತು. 2026ರ ಚಾಂಪಿಯನ್‌ಷಿಪ್ ಪಟ್ಟಿಯ ಹೈಪರ್‌ಕಾರ್ ಸಾಲಿನಲ್ಲಿ ಪೋರ್ಷೆ ಹೆಸರಿಲ್ಲ. ಫ್ಯಾಕ್ಟರಿಯ ಜೊತೆ ಗಿರಾಕಿಯ ಕಾರೂ ಹೊರಗೆ. 1984ರಲ್ಲಿ ಹಾಗಾಗಿರಲಿಲ್ಲ.

ನಮ್ಮವರು ಆ ಟ್ರ್ಯಾಕಿಗೆ ಹೋದ ದಾರಿಯನ್ನೂ ನೋಡಿ. 2009ರಲ್ಲಿ ನಾರಾಯಣ್ ಕಾರ್ತಿಕೇಯನ್ ಹೋದದ್ದು ಖಾಸಗಿ ತಂಡವೊಂದರ ಹಳೇ ಆಡಿಯಲ್ಲಿ ಓಡಲು. ರೇಸಿಗೆ ಮುಂಚೆ ಪಿಟ್ ಗೋಡೆಯಿಂದ ಬಿದ್ದು ಭುಜದ ಕೀಲು ತಪ್ಪಿ, ಓಡಲಾಗಲಿಲ್ಲ. 2012ರಲ್ಲಿ ಕರುಣ್ ಚಂದೋಕ್ ಲೆ ಮಾನ್ಸ್‌ನಲ್ಲಿ ಓಡಿದ ಮೊದಲ ಭಾರತೀಯರಾದರು, ಆರನೇ ಸ್ಥಾನ ಪಡೆದರು. ಅದೂ ಖಾಸಗಿ ತಂಡ. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಓಡಿದ್ದು ಮೇಲಿನ ವಿಭಾಗದ ಕೆಳಗಿನ ಎಲ್‌ಎಂಪಿ2 ವಿಭಾಗದಲ್ಲಿ, ಯಾವ ತಂಡ ಬೇಕಾದರೂ ಕೊಳ್ಳಬಹುದಾದ ಕಾರಿನಲ್ಲಿ. ಮೂವರಲ್ಲಿ ಯಾರನ್ನೂ ಫ್ಯಾಕ್ಟರಿ ತಂಡ ಕರೆದಿರಲಿಲ್ಲ.

963 ಕಾರುಗಳು ಅಮೆರಿಕದಲ್ಲಿ ಇನ್ನೂ ಓಡುತ್ತಿವೆ. ಬಿಡಿಭಾಗ ಸಿಗುತ್ತದೆ, ಗೊತ್ತಿರುವ ಮೆಕ್ಯಾನಿಕ್‌ಗಳಿದ್ದಾರೆ, ಕೊಂಡ ತಂಡಗಳಿವೆ. ಎರಡು ಕಾರಿನ ನಿಯಮವನ್ನು ಖಾಸಗಿ ತಂಡಗಳ ಮಟ್ಟಿಗೆ ತೆಗೆದುಹಾಕಿ, ಪಟ್ಟಿಯಲ್ಲಿ ನಾಲ್ಕು ಜಾಗ ಅವರಿಗೇ ಅಂತ ಬರೆದಿಡಲಿ. ಫ್ಯಾಕ್ಟರಿ ಮೂಲೆಗೆ ತಳ್ಳಿದ ಕಾರನ್ನು ಕೇಳಿ ಪಡೆದು, ಜೂನ್ ತಿಂಗಳಲ್ಲಿ ಲಾರಿಗೆ ಹೇರಿಕೊಂಡು ಲೆ ಮಾನ್ಸ್‌ಗೆ ಬರುವ ಇನ್ನೊಬ್ಬ ಯೋಸ್ಟ್ ಎಲ್ಲೋ ಇದ್ದೇ ಇರುತ್ತಾರೆ.